ಬಾಯಿ ತೊಳೆಯುವ ಮುನ್ನ

ನಾನು ವಿಶ್ವವಿದ್ಯಾಲಯವೊಂದರಲ್ಲಿ ವೈನ್ ವಿಜ್ಞಾನ ಕಲಿಸುತ್ತೇನೆ. ಈ ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷ ದಾಟಿತು. ಅಷ್ಟೂ ವರ್ಷಗಳನ್ನು ಒಂದು ಹನಿ ವೈನನ್ನೂ ನುಂಗದೆ ಕಳೆದೆ. ಇದನ್ನು ಹೇಳಿದರೆ ನೆಂಟರು ನಂಬದೆ ನಗುತ್ತಾರೆ, ಕಸುಬಿನವರು ಅಯ್ಯೋ ಪಾಪ ಎಂದು ನಗುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ, ನಿಜ ಹೇಳಬೇಕೆಂದರೆ, ಅದೊಂದು ಹೆಮ್ಮೆಯೇ ಆಗಿಬಿಟ್ಟಿತು.

ಇದು ಶುರುವಾದದ್ದು ನಾಸಿಕದಲ್ಲಿ. ಅಪ್ಪ ಬ್ಯಾಂಕಿನಲ್ಲಿದ್ದರು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವರಿಗೆ ವಿಜಯಪುರದಿಂದ ನಾಸಿಕಕ್ಕೆ ವರ್ಗವಾಯಿತು. ಅಪ್ಪ, ಅವ್ವ, ನಾನು, ಅಪ್ಪನ ಅಕ್ಕ, ಹೀಗೆ ನಾಲ್ಕು ಜನ ಬ್ಯಾಂಕಿನ ಕ್ವಾರ್ಟರ್ಸಿಗೆ ಬಂದೆವು. ಅತ್ಯಾ ಎಂದು ನಾನು ಕರೆಯುತ್ತಿದ್ದ ಆ ಸೋದರತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಸಂಜೆಯಾದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಒಳಗೆ ಬಂದವರನ್ನೆಲ್ಲ ಮೂಸುವುದು ಅವಳ ನಿತ್ಯದ ಡ್ಯೂಟಿ. ಏಕಾದಶಿಯ ದಿನ ಹೊರಗೆ ಉಳ್ಳಾಗಡ್ಡಿ ತಿಂದು ಬಂದ ಅಪ್ಪನನ್ನು ಅವಳು ಹೊಸ್ತಿಲಲ್ಲೇ ಹಿಡಿದದ್ದು ಎಷ್ಟು ಸಲವೋ. ಅಪ್ಪ ಬ್ಯಾಂಕಿನಲ್ಲಿ ಮ್ಯಾನೇಜರ್, ಅಕ್ಕನ ಮುಂದೆ ಕಳ್ಳ.

ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದಾಗ ಒಂದು ದಿನ, ನಮ್ಮ ಮೇಡಂ ದ್ರಾಕ್ಷಿ ತೋಟದಿಂದ ಒಂದು ಗೊಂಚಲು ತರಿಸಿ, ಹಿಂಡಿ, ರಸವನ್ನು ಗಾಜಿನ ಲೋಟದಲ್ಲಿ ಮುಚ್ಚಿಟ್ಟರು. ಏನನ್ನೂ ಸೇರಿಸಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಅದು ತನ್ನಷ್ಟಕ್ಕೆ ತಾನೇ ಗುಳುಗುಳು ಎನ್ನುತ್ತಿತ್ತು. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ದುಂಡನೆಯ ಯೀಸ್ಟ್ ಜೀವಿಗಳು ಒಂದರ ಬೆನ್ನಿಗೆ ಒಂದು ಮೊಳೆಯುತ್ತಿರುವುದು ಕಂಡಿತು. ಯಾರೂ ಕರೆಯದೆ ಬಂದ ಇವರು ಯಾರು? ಹಣ್ಣಿನ ಸಿಪ್ಪೆಯ ಮೇಲೆ ಎಲ್ಲಿಂದ ಬಂದು ಕೂತರು? ಪಕ್ಕದ ತೋಟದಲ್ಲಿ ಕೂತವರೂ ಇವರೇನಾ, ಬೇರೆಯವರಾ? ಆ ಪ್ರಶ್ನೆಗಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆಗಷ್ಟೇ ನಾಸಿಕದ ಸುತ್ತ ವೈನರಿಗಳು ಒಂದೊಂದಾಗಿ ತಲೆ ಎತ್ತುತ್ತಿದ್ದವು. ನಾನು ವೈನ್ ವಿಜ್ಞಾನವನ್ನೇ ಓದುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟೆ.

ಮನೆಯಲ್ಲಿ ಆದದ್ದನ್ನು ವಿವರಿಸುವುದು ಬೇಡ. ಅಪ್ಪ ಪೇಪರಿನ ಹಿಂದೆ ಅಡಗಿಕೊಂಡರು. ಅತ್ಯಾ ಎರಡು ದಿನ ಊಟ ಬಿಟ್ಟಳು. ಕಾಲೇಜಿನವರು ಇದು ಪ್ರಯೋಗಶಾಲೆಯ ಓದು, ಯಾರೂ ಕುಡಿಯುವುದಿಲ್ಲ ಎಂದು ಕಾಗದ ಬರೆದುಕೊಟ್ಟ ಮೇಲೆ, ಅವಳು ಊಟಕ್ಕೆ ಕೂತಳು, ಆದರೆ ಅವಳ ಮೂಗಿಗೆ ನನ್ನ ಬಾಯಿ ಕಾಯುವ ಕೆಲಸ ಬಿದ್ದಿತು. ಮೊದಲ ದಿನ ತರಗತಿಗೆ ಹೊರಟಾಗ ಅವ್ವ ನನ್ನ ತೋಳು ಹಿಡಿದು ಹಿಂದಿನ ದೇವರ ಕೋಣೆಗೆ ಕರೆದುಕೊಂಡು ಹೋದಳು. ದೀಪ ಉರಿಯುತ್ತಿತ್ತು. ಅವ್ವ ಮೆಲ್ಲನೆ ಹೇಳಿದಳು:

"ಬಾಯಾಗ ಹಾಕ್ಕೊಂಡದ್ದು ಉಗುಳು. ನುಂಗಬ್ಯಾಡ. ಉಗುಳಿದ ತಕ್ಷಣ ಬಾಯಿ ತೊಳಕೋ, ಒಂದು ಕ್ಷಣಾನೂ ತಡಾ ಮಾಡಬ್ಯಾಡ. ಆಮ್ಯಾಲೆ ಬೇಕಾದಷ್ಟು ಓದು."

ನಾನು ತಲೆಯಾಡಿಸಿದೆ. ದೀಪದ ಮುಂದೆ ಕೊಟ್ಟ ಮಾತು ಎಂದು ಎದೆಗೆ ಹಾಕಿಕೊಂಡೆ.

ಓದು ಮುಗಿಸಿ ಕೆಲಸ ಸಿಕ್ಕಿದ್ದು ಛತ್ರಪತಿ ಸಂಭಾಜಿನಗರದಲ್ಲಿ. ಆಗಿನ್ನೂ ಊರಿಗೆ ಹಳೆಯ ಹೆಸರಿತ್ತು. ನಮ್ಮ ವಿಭಾಗವೆಂದರೆ ಎರಡು ತರಗತಿ, ಜಾಡಿಗಳನ್ನಿಡುವ ಒಂದು ತಣ್ಣನೆಯ ಕೋಣೆ, ರುಚಿ ನೋಡುವ ಒಂದು ಉದ್ದನೆಯ ಮೇಜು. ಮೇಜಿನ ಕೊನೆಗೆ ಒಂದು ಸಿಂಕ್. ಸಿಂಕಿನ ಮೇಲೆ ನನ್ನ ಕೈಬರಹದ ಬೋರ್ಡು: ಉಗುಳಿ, ಬಾಯಿ ತೊಳೆಯಿರಿ, ಬರೆಯಿರಿ. ನನ್ನ ವಿದ್ಯಾರ್ಥಿಗಳು ಸಾಲಾಗಿ ನಿಂತು ಪೀಕದಾನಿಗೆ ಉಗುಳಿ, ಮೂರು ಎಣಿಸುವುದರೊಳಗೆ ಬಾಯಿ ಮುಕ್ಕಳಿಸುವುದನ್ನು ಬೇರೆ ಕಡೆಯ ಪ್ರಾಧ್ಯಾಪಕರು ಬಂದು ನೋಡಿ ಮೆಚ್ಚಿ ಹೋಗುತ್ತಿದ್ದರು. ಎಂಥ ಶಿಸ್ತು ಎನ್ನುತ್ತಿದ್ದರು. ನಾನೂ ಹೌದು ಎಂದುಕೊಳ್ಳುತ್ತಿದ್ದೆ. ಅವ್ವ ಮಾತ್ರ ಬಂಧುಬಳಗದಲ್ಲಿ ಯಾರು ಕೇಳಿದರೂ "ನಮ್ಮಾಕಿ ದ್ರಾಕ್ಷಿ ಡಿಪಾರ್ಟ್‌ಮೆಂಟಿನ್ಯಾಗ ಇದ್ದಾಳ" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ. ಮೊದಲು ಸೋಮವಾರಕ್ಕೊಮ್ಮೆ ಹತ್ತಿರದ ವೇರೂಳಿನ ಶಿವನ ಗುಡಿಗೆ ಹೋಗುತ್ತಿದ್ದಳು, ಈಗ ಮಂಡಿನೋವಿನಿಂದ ತಿಂಗಳಿಗೊಮ್ಮೆ.

ಈ ಕಸುಬಿನಲ್ಲಿ ಮೂಗೇ ಬಂಡವಾಳ. ನಮ್ಮ ಪುಸ್ತಕಗಳೆಲ್ಲ ಹೊರದೇಶದವು. ಈ ವೈನಿಗೆ ಇಂಥ ಹಣ್ಣಿನ ಪರಿಮಳ ಎಂದು ಬರೆದಿರುತ್ತಾರೆ. ಆ ಹಣ್ಣನ್ನು ನಾನೂ ಕಂಡಿಲ್ಲ, ನನ್ನ ವಿದ್ಯಾರ್ಥಿಗಳೂ ಕಂಡಿಲ್ಲ. ಆದರೂ ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆಯುತ್ತಿದ್ದರು. ಒಂದು ವರ್ಷ ನನಗೆ ರೇಗಿಹೋಗಿ, ಮೂಸಿ ನೋಡದ ಯಾವ ವಾಸನೆಯ ಹೆಸರನ್ನೂ ಬರೆಯಕೂಡದು ಎಂದು ಅಪ್ಪಣೆ ಮಾಡಿದೆ. ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಿಂದ ಚಿಕ್ಕ ಬಾಟಲಿಗಳಲ್ಲಿ ವಾಸನೆಗಳನ್ನು ತಂದರು. ಕವಳಿ ಹಣ್ಣು, ಒಣ ಜೋಳದ ದಂಟು, ಕುಸುಬಿ ಎಣ್ಣೆ, ಹುರಿದ ಗುರೆಳ್ಳು, ಹೊಸ ಮಡಕೆಯ ನೀರು. ಒಬ್ಬ ಬಸ್ಸಿನ ಸೀಟಿನ ಚೂರನ್ನೇ ಕಿತ್ತು ತಂದಿದ್ದ. ಅವನಿಗೆ ಬೈದೆ, ಚೂರನ್ನು ಇಟ್ಟುಕೊಂಡೆ. ಒಂದು ಕೆಂಪು ವೈನಿನಲ್ಲಿ ನಿಜಕ್ಕೂ ಅದೇ ವಾಸನೆ ಇತ್ತು.

ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ಪಿಎಚ್‌ಡಿಗೆ ಬಂದಳು. ಅವಳ ಅಪ್ಪ ಅಮ್ಮ ಕಲಬುರಗಿ ಕಡೆಯವರು, ಊರಾಚೆಯ ಶೇಂದ್ರಾದ ಕಾರ್ಖಾನೆಗಳ ಗೋಡೆ ಕಟ್ಟುವ ಕೆಲಸಕ್ಕೆ ಬಂದು ಅಲ್ಲೇ ನಿಂತವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಕನ್ನಡ ಬಂದರೂ ಅರ್ಧ ಹಿಂದಿಯ ಹೆಗಲ ಮೇಲೆ ಕೂತು ಬರುತ್ತಿತ್ತು. ಜಾಣೆ, ಮಾತು ಕಡಿಮೆ. ನಾನು ಹೇಳಿದ್ದಕ್ಕೆ ಇಲ್ಲ ಎಂದದ್ದೇ ಇಲ್ಲ. ಅದನ್ನು ನಾನು ಒಳ್ಳೆಯ ಗುಣ ಎಂದುಕೊಂಡಿದ್ದೆ.

ನನ್ನ ಹಳೆಯ ಪ್ರಶ್ನೆಯನ್ನೇ ಅವಳಿಗೆ ಕೊಟ್ಟೆ. ನಾಸಿಕದ ತೋಟಗಳ ಸಿಪ್ಪೆಯ ಮೇಲೆ ತಾವಾಗಿಯೇ ಬಂದು ಕೂರುವ ಯೀಸ್ಟ್‌ಗಳನ್ನು ಹಿಡಿದು, ಅವುಗಳಿಂದಲೇ ವೈನ್ ಮಾಡಬೇಕು; ಕೆಡದಂತೆ ಹಾಕುವ ಸಲ್ಫೈಟನ್ನು ಆದಷ್ಟು ಕಡಿಮೆ ಮಾಡಬೇಕು. ಮೂರು ಕೊಯ್ಲು ನಾವಿಬ್ಬರೂ ತೋಟ ತೋಟ ಅಲೆದೆವು. ಇಗತಪುರಿಯ ಕಡೆಯ ಒಂದು ತೋಟದಲ್ಲಿ ಸಿಕ್ಕ ಯೀಸ್ಟ್ ನಮ್ಮ ಮನಸ್ಸು ಗೆದ್ದಿತು. ಅದರಿಂದ ಆದ ವೈನಿನಲ್ಲಿ ಮಾಗಿದ ಪೇರಲೆಯ ಘಮ. ನಾನು ಮೂಸಿದೆ, ಬಾಯಿಗೆ ಹಾಕಿದೆ, ಉಗುಳಿದೆ, ಬಾಯಿ ತೊಳೆದೆ, ಹಾಳೆಯಲ್ಲಿ 'ಸ್ವಚ್ಛ' ಎಂದು ಬರೆದು ಗೆರೆ ಎಳೆದೆ. ಅವಳೂ ನನ್ನ ಕೆಳಗೆ 'ಸ್ವಚ್ಛ' ಎಂದು ಬರೆದಳು.

ನಾಸಿಕದ ಒಂದು ವೈನರಿಯವರು ಆಸಕ್ತಿ ತೋರಿಸಿದರು. ಅವರ ಐದು ಜನ ರುಚಿ ನೋಡಿ ಒಪ್ಪಿದರೆ ಮುಂದಿನ ಕೊಯ್ಲಿಗೆ ಒಂದು ದೊಡ್ಡ ಟ್ಯಾಂಕನ್ನು ಈ ಯೀಸ್ಟಿಗೇ ಬಿಟ್ಟುಕೊಡುತ್ತಾರೆ. ಅವಳ ಪ್ರಬಂಧದ ಕೊನೆಯ ಅಧ್ಯಾಯ ನಿಂತಿದ್ದೇ ಆ ಟ್ಯಾಂಕಿನ ಮೇಲೆ. ಅವಳು ಮನೆಯಲ್ಲಿ ಇನ್ನೊಂದೇ ವರ್ಷ ಎಂದು ಹೇಳಿ ಮದುವೆಯ ಮಾತನ್ನು ತಡೆದು ನಿಲ್ಲಿಸಿದ್ದಳು.

ಗೊತ್ತುಮಾಡಿದ ದಿನ ನಾವಿಬ್ಬರೂ ವೈನ್ ತೆಗೆದುಕೊಂಡು ನಾಸಿಕಕ್ಕೆ ಹೋದೆವು. ಐವರೂ ಲೋಟ ಎತ್ತಿ ಮೂಸಿದರು, ತಲೆದೂಗಿದರು. ನಾನು ಅವಳ ಕಡೆ ನೋಡಿ ಕಣ್ಣಲ್ಲೇ ನಕ್ಕೆ. ಅವಳು ನಗಲಿಲ್ಲ. ಅವರು ಬಾಯಿಗೆ ಹಾಕಿಕೊಂಡರು, ಉಗುಳಿದರು, ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬರ ಮುಖ ಕಿವುಚಿಕೊಂಡಿತು. ಆಮೇಲೆ ಇನ್ನೊಬ್ಬರದು. ಐದರಲ್ಲಿ ನಾಲ್ಕು ಹಾಳೆಗಳ ಮೇಲೆ ಒಂದೇ ದೋಷ ಬರೆದಿತ್ತು: ಇಲಿ.

ಇದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ದೋಷ. ಸಲ್ಫೈಟ್ ಕಡಿಮೆಯಾದರೆ ಕೆಲವು ಬ್ಯಾಕ್ಟೀರಿಯಾಗಳು ಸೇರಿಕೊಂಡು ವೈನಿಗೆ ಇಲಿಯ ಬೋನಿನ ವಾಸನೆ ತರುತ್ತವೆ. ವಿಚಿತ್ರವೆಂದರೆ ಲೋಟ ಮೂಸಿದರೆ ಅದು ಗೊತ್ತಾಗುವುದಿಲ್ಲ. ವೈನಿನ ಹುಳಿ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಬಾಯಿಯ ಜೊಲ್ಲು ಬೆರೆತು ಹುಳಿ ಇಳಿದಾಗ, ಒಂದಿಷ್ಟು ಹೊತ್ತಿನ ಮೇಲೆ, ಗಂಟಲ ಹಿಂದಿನಿಂದ ಎದ್ದು ಬರುತ್ತದೆ. ಇದನ್ನೆಲ್ಲ ನಾನೇ ಪ್ರತಿವರ್ಷ ಪಾಠ ಮಾಡುತ್ತೇನೆ. "ನನ್ನ ಜಾಡಿಗಳಲ್ಲಿ ಇದು ಒಮ್ಮೆಯೂ ಬಂದಿಲ್ಲ" ಎಂದು ಕೊನೆಗೆ ಸೇರಿಸುತ್ತಿದ್ದೆ ಕೂಡ.

ಅಲ್ಲೇ ಮತ್ತೆ ರುಚಿ ನೋಡಿದೆ. ಉಗುಳಿದೆ, ಬಾಯಿ ತೊಳೆದೆ. ಏನೂ ಇಲ್ಲ. ನಿಮ್ಮ ಲೋಟ ಸರಿಯಿಲ್ಲ ಎಂದೆ, ನಿಮ್ಮ ಕೋಣೆ ಸರಿಯಿಲ್ಲ ಎಂದೆ. ಆ ಜನ ಮರ್ಯಾದಸ್ಥರು, ವಾದಕ್ಕೆ ಬರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹಿಂದಿರುಗುವಾಗ ಕಾರು ಯೇವಲಾ ದಾಟಿತು. ಕೊನೆಗೆ ನಾನೇ ಕೇಳಿದೆ. "ನಿನಗೇನಾದ್ರೂ ಅನಿಸ್ತೇನು?"

ಅವಳು ಕಿಟಕಿಯ ಹೊರಗೆ ನೋಡುತ್ತಾ ಹೇಳಿದಳು. "ನಂಗ್ ಬರ್ತದ್ರಿ ಮ್ಯಾಡಮ್, ಪಹಿಲೇಸೇ ಬರ್ತದ."

"ಮೊದಲಿಂದ? ಮತ್ತ ನೀನೂ ಸ್ವಚ್ಛ ಅಂತ ಬರದೀಯಲ್ಲ!"

"ನೀವು ಬರದಿದ್ರಿ. ಫಿರ್ ನಾ ಹೆಂಗ್ ಬ್ಯಾರೆ ಬರೀಲ್ರಿ?"

ನನಗೆ ಉರಿದುಹೋಯಿತು. ಮೂರು ಕೊಯ್ಲಿನ ಕೆಲಸ, ನಿನ್ನದೇ ಪ್ರಬಂಧ, ಬಾಯಿಗೇನು ಹೊಲಿಗೆ ಹಾಕಿದ್ದರಾ ಎಂದು ಕೂಗಾಡಿದೆ. ಅವಳು ಅಳಲಿಲ್ಲ. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಾನೇ ಹೋಗಿ ಎರಡು ಕಪ್ ತಂದಳು, ನನ್ನದರಲ್ಲಿ ಸಕ್ಕರೆ ಕಡಿಮೆ ಹಾಕಿಸಿದ್ದಳು. ಆ ಚಹಾ ಕುಡಿಯುವಾಗ ನನಗೆ ಬಹಳ ನಾಚಿಕೆಯಾಯಿತು. ಕ್ಷಮಿಸು ಎನ್ನಲಿಲ್ಲ.

ಅವತ್ತಿನಿಂದ ನನಗೊಂದು ಭಯ ಹತ್ತಿಕೊಂಡಿತು. ಕೆಲವರ ಮೂಗಿಗೆ ಹುಟ್ಟಿನಿಂದಲೇ ಈ ಇಲಿಯ ವಾಸನೆ ಹತ್ತುವುದಿಲ್ಲ. ನಾನೂ ಅಂಥವಳೇ ಏನು? ಹಾಗಾದರೆ ಇಷ್ಟು ವರ್ಷ ನಾನು ಸ್ವಚ್ಛ ಎಂದು ಬರೆದ ಜಾಡಿಗಳ ಗತಿ? ನನ್ನನ್ನು ನಂಬಿ ಕೆಳಗೆ ಸ್ವಚ್ಛ ಎಂದು ಬರೆದವರ ಗತಿ? ದಿನಾ ಆ ವೈನನ್ನು ರುಚಿ ನೋಡಿದೆ. ಮೂಸಿದೆ, ಉಗುಳಿದೆ, ಬಾಯಿ ತೊಳೆದೆ, ಬರೆದೆ: ಏನೂ ಇಲ್ಲ. ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ. ಅವರು ಟಾರ್ಚ್ ಹಾಕಿ ನೋಡಿ, ಒಳ್ಳೆಯ ಮೂಗು ಮೇಡಂ ಎಂದರು. ಭಯದ ಜೊತೆಗೆ ಕುತೂಹಲವೂ ಇತ್ತು ಎಂದರೆ ನಗಬೇಡಿ. ನನ್ನ ಮೂಗನ್ನೇ ಪ್ರಯೋಗದ ಮೇಜಿನ ಮೇಲಿಟ್ಟು ನೋಡುವ ಆಸೆ.

ಹೀಗಿರುವಾಗ ಒಂದು ದಿನ ವಿಭಾಗದಲ್ಲಿ ನೀರಿರಲಿಲ್ಲ. ನಮ್ಮೂರಿನಲ್ಲಿ ನಲ್ಲಿ ನೀರಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಅವತ್ತು ಟ್ಯಾಂಕರೂ ಬಂದಿರಲಿಲ್ಲ. ನೀರಿಲ್ಲದ ದಿನ ಬಾಯಿ ತೊಳೆಯಲಾಗುವುದಿಲ್ಲ, ಆದ್ದರಿಂದ ನಾನು ರುಚಿ ನೋಡುವುದೂ ಇಲ್ಲ. ಸುಮ್ಮನೆ ಜಾಡಿಗಳನ್ನು ಸರಿಸುತ್ತಿದ್ದಾಗ ಆ ಇಗತಪುರಿ ಯೀಸ್ಟಿನ ಜಾಡಿಯ ಮುಚ್ಚಳ ಜಾರಿ ವೈನು ಮುಂಗೈ ಮೇಲೆಲ್ಲ ಚೆಲ್ಲಿತು. ಬಟ್ಟೆಯಿಂದ ಒರೆಸಿಕೊಂಡು ಹಾಗೇ ಮನೆಗೆ ಹೋದೆ. ಮನೆ ಹತ್ತೇ ನಿಮಿಷದ ದಾರಿ.

ಅವ್ವ ಪರಾತದಲ್ಲಿ ಅಕ್ಕಿ ಹರಡಿಕೊಂಡು ಹರಳು ಆರಿಸುತ್ತಿದ್ದಳು. ನೀರಿನ ತಂಬಿಗೆ ಇಸಿದುಕೊಳ್ಳಲು ಕೈ ಚಾಚಿದೆ. ಅವಳು ನನ್ನ ಮಣಿಕಟ್ಟನ್ನು ಹಿಡಿದು ಮೂಗಿನ ಹತ್ತಿರ ಎಳೆದುಕೊಂಡಳು.

"ಇದೇನ ಹತ್ತಿಸಿಕೊಂಡು ಬಂದೀ? ಕೈಮ್ಯಾಲೆ ಇಲಿ ಓಡಾಡ್ಯಾವ ನೋಡು. ಅಂಬೆಮೊಹರ ಅಕ್ಕಿ ಡಬ್ಬಿಯೊಳಗ ಇಲಿ ಹೊಕ್ಕಿದ್ರ ಹಿಂಗ ವಾಸನಿ ಬರ್ತದ."

ನಾನು ಕೈ ಕಿತ್ತುಕೊಂಡು ಮೂಸಿದೆ. ಇತ್ತು! ಮುಚ್ಚಿಟ್ಟ ಡಬ್ಬಿ, ಹಳೆಯ ಗೋಣಿಚೀಲ, ಇಲಿ, ಅದರ ಹಿಂದೆಯೇ ಸಣ್ಣಗೆ ಸುವಾಸನೆಯ ಅಕ್ಕಿ. ಈ ದೋಷವನ್ನು ತರುವ ಅಣುಗಳಲ್ಲಿ ಒಂದು, ಅಂಬೆಮೊಹರಕ್ಕೆ ಅದರ ಘಮ ಕೊಡುವ ಅಣುವೇ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ. ಅವ್ವ ಓದದೆಯೇ ಹೇಳಿದಳು. ಜೊಲ್ಲು ಮಾಡುವ ಕೆಲಸವನ್ನು ಚರ್ಮ ಮಾಡಿತ್ತು, ಹುಳಿ ಇಳಿಸಿ ಇಲಿಯನ್ನು ಬಿಡಿಸಿತ್ತು. "ಅವ್ವಾ, ನನ್ನ ಮೂಗು ಸರಿ ಅದ!" ಎಂದು ಕೂಗಿದೆ. ಅವಳು ತಲೆ ಎತ್ತದೆ, "ಅದಕ್ಕೇನಾಗಿತ್ತು?" ಎಂದಳು.

ಮೂಗು ಸರಿಯಿದೆ. ಹಾಗಾದರೆ ಬಾಯಲ್ಲಿ ಯಾಕೆ ಬರುವುದಿಲ್ಲ? ಕೈ ತೊಳೆಯಲು ಬಚ್ಚಲಿಗೆ ಹೋಗಿ, ಕೈಮೇಲೆ ನೀರು ಸುರಿದುಕೊಂಡು, ಮತ್ತೆ ಮೂಸಿದಾಗ ವಾಸನೆ ಮಾಯವಾಗಿತ್ತು. ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಇಪ್ಪತ್ತೈದು ವರ್ಷ ನಾನು ಇಲಿ ಹೊರಬರುವ ಮೊದಲೇ ಅದನ್ನು ನೀರಿನಲ್ಲಿ ತೊಳೆದು ಕಳಿಸುತ್ತಿದ್ದೆ. ನಾನೊಬ್ಬಳೇ ಅಲ್ಲ, ಇಡೀ ವಿಭಾಗಕ್ಕೆ ಬೋರ್ಡು ಬರೆದು ಹಾಕಿ ಹಾಗೆ ಮಾಡಿಸುತ್ತಿದ್ದೆ.

ಖಚಿತ ಮಾಡಿಕೊಳ್ಳಬೇಕಾದರೆ ಬಾಯಿ ತೊಳೆಯದೆ ಕಾಯಬೇಕು. ಐವತ್ತು ದಾಟಿದ ಪ್ರಾಧ್ಯಾಪಕಿ ನಾನು, ಪರಾತದ ಮುಂದೆ ಬಂದು ಕೂತು ಕೇಳಿದೆ. "ಅವ್ವಾ, ಉಗುಳಿದ ಮ್ಯಾಲೆ ಸ್ವಲ್ಪ ಹೊತ್ತು ಬಾಯಿ ತೊಳೀದ ಇರ್ಲೇನು?"

"ಏನ ಉಗುಳಿದ ಮ್ಯಾಲೆ?"

"ವೈನ್ ಅವ್ವಾ. ತಕ್ಷಣ ತೊಳಕೋ ಅಂತ ದೇವರ ಮುಂದ ಆಣಿ ಹಾಕಿಸಿದ್ದಿ."

ಅವ್ವನ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು. "ಆಣಿ? ನಾ ಎಲ್ಲೆ ಆಣಿ ಹಾಕಿಸ್ದೆ? ನಿಮ್ಮ ಅತ್ಯಾ ಬಾಗಲ್ದಾಗ ಕೂತು ಎಲ್ಲಾರ ಬಾಯಿ ಮೂಸ್ತಿದ್ಲಲ್ಲ! ಆಕಿಗೆ ಒಂದು ದಿನಾ ವಾಸನಿ ಹತ್ತಿದ್ರ ನಿನ್ನ ಓದು ಅಲ್ಲಿಗೇ ಮುಗೀತಿತ್ತು. ಅದಕ್ಕ ತೊಳಕೋ ಅಂದೆ."

"ಮತ್ತ ದೇವರ ಕೋಲಿಗೆ ಯಾಕ ಕರಕೊಂಡು ಹೋಗಿದ್ದಿ?"

"ಆ ಮನ್ಯಾಗ ಆಕಿಗೆ ಕೇಳಿಸದ ಜಾಗಾ ಅದೊಂದ ಇತ್ತು, ತಂಗಿ."

ಅತ್ಯಾ ಹೋಗಿ ಎಷ್ಟೋ ವರ್ಷಗಳಾಗಿವೆ. ಅವಳ ಕುರ್ಚಿಯನ್ನೂ ನಾಸಿಕದಲ್ಲೇ ಯಾರಿಗೋ ಕೊಟ್ಟು ಬಂದೆವು. "ಆಮ್ಯಾಲಾದ್ರೂ ಹೇಳಬಾರದಾಗಿತ್ತೇನು?" ಎಂದೆ.

"ನನಗೇನು ಗೊತ್ತು ನೀ ಇನ್ನೂ ಅದನ್ನ ಹಿಡಕೊಂಡು ಕೂತೀ ಅಂತ? ಊರಿಗೆಲ್ಲಾ ಪ್ರಶ್ನಾ ಕೇಳ್ತಿ. ನನಗ ಕೇಳ್ಲೇ ಇಲ್ಲ." ಮತ್ತೆ ಅಕ್ಕಿಗೆ ಕೈಹಾಕಿದಳು. ಹಾಗೇ ದನಿ ತಗ್ಗಿಸಿ ಹೇಳಿದಳು: "ನುಂಗಿದ್ರ ಹೆಂಗಿರ್ತದ ಅದು? ಒಮ್ಮೆ ನುಂಗಿ ನೋಡಿ ಬಂದು ನನಗ ಹೇಳು."

ಮರುದಿನ ಬೆಳಿಗ್ಗೆ ಟ್ಯಾಂಕರ್ ಬಂದಿತ್ತು, ನಲ್ಲಿಯಲ್ಲಿ ನೀರಿತ್ತು. ಆ ಹುಡುಗಿಯೂ ಮೇಜಿನ ಬಳಿ ಇದ್ದಳು. ನುಂಗಲಿಲ್ಲ, ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅವ್ವನ ಪ್ರಶ್ನೆಗೆ ಉತ್ತರ ಆಮೇಲೆ. ವೈನನ್ನು ಬಾಯಲ್ಲಿ ಆಡಿಸಿ ಉಗುಳಿದೆ. ಕೈ ತಾನೇ ನೀರಿನ ಲೋಟಕ್ಕೆ ಹೋಯಿತು. ಅದನ್ನು ಎಡಗೈಯಿಂದ ಹಿಡಿದುಕೊಂಡು ಎಣಿಸತೊಡಗಿದೆ. ಐದಕ್ಕೆ ಪೇರಲೆ ಇತ್ತು. ಹತ್ತಕ್ಕೆ ಏನೂ ಇರಲಿಲ್ಲ. ಹದಿನಾಲ್ಕಕ್ಕೆ ಗಂಟಲ ಹಿಂದಿನಿಂದ ಇಲಿ ಬಂತು, ಬಂದು ಅಲ್ಲೇ ಕೂತಿತು. ಇಪ್ಪತ್ತಾದರೂ ಹೋಗಲಿಲ್ಲ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ನೀ ಹೆಂಗ ಹಿಡದಿ ಇದನ್ನ? ನೀನೂ ಬಾಯಿ ತೊಳೀತಿದ್ದೀಯಲ್ಲ?" ಎಂದೆ.

ಅವಳು ತಲೆ ತಗ್ಗಿಸಿದಳು. "ತುಮ್ಹಿ ನೋಡ್ಲಿಲ್ಲಂದ್ರ ನುಂಗ್ತಿದ್ದೆರಿ ಮ್ಯಾಡಮ್, ಬಾಯಿ ತೊಳೀತಿರ್ಲಿಲ್ಲ. ಥೋಡಾ ಥೋಡಾ. ಹೆಂಗ್ ಅದ ಅಂತ ನೋಡ್ಬೇಕಂತ."

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಒಂದು ಕುರ್ಚಿಯಲ್ಲಿ ಕೂತ ಮುದುಕಿಗೆ ಹೆದರಿ ಅವ್ವ ಒಂದು ಮಾತು ಹೇಳಿದ್ದಳು. ನಾನು ಆ ಕುರ್ಚಿಯನ್ನು ಇಲ್ಲಿಯವರೆಗೆ ಹೊತ್ತು ತಂದು, ಅದರಲ್ಲಿ ನಾನೇ ಕೂತು, ಈ ಹುಡುಗಿಯ ಬಾಯಿಗೆ ಕಾವಲಾಗಿದ್ದೆ. "ತಪ್ಪು ನಂದು. ನಿನ್ನ ಮ್ಯಾಲೆ ಕೂಗಾಡಿದ್ದೂ ತಪ್ಪು," ಎಂದೆ. ಕಾರಿನಲ್ಲಿ ಹೇಳಬೇಕಾಗಿದ್ದ ಮಾತು ಅದು.

ಅವಳ ಕೊನೆಯ ಅಧ್ಯಾಯ ಬದಲಾಗಬೇಕಿತ್ತು. ಟ್ಯಾಂಕ್ ಇಲ್ಲ, ಅದರ ಬದಲು ಈ ಇಲಿ ಯಾವ ಜಾಡಿಗೆ, ಯಾವಾಗ ಹೊಕ್ಕಿತು ಎಂಬ ಹುಡುಕಾಟ. ಇನ್ನೊಂದು ಕೊಯ್ಲು ಬೇಕು. ಮನೆಯವರಿಗೆ ತಿಳಿಸಿ ಹೇಳಲು ನಾನೇ ಶೇಂದ್ರಾಕ್ಕೆ ಬರುತ್ತೇನೆ ಎಂದೆ. ಕುರ್ಚಿ ಹಾಕಿಕೊಂಡು ಹತ್ತಿ ಸಿಂಕಿನ ಮೇಲಿನ ಬೋರ್ಡು ಇಳಿಸಿದೆ. ಪಕ್ಕದ ಕಪಾಟಿನಲ್ಲಿ ನಾನು ಬಹಳ ಹಿಂದೆ ಸ್ವಚ್ಛ ಎಂದು ಬರೆದಿದ್ದ ಹಳೆಯ ವೈನಿನ ಒಂದು ಬಾಟಲಿ ಇತ್ತು, ನನ್ನ ಮೊದಲ ಪ್ರಬಂಧಕ್ಕೆ ಮಾಡಿದ್ದು, ನನಗೆ ಹೆಸರು ತಂದದ್ದು. ಅದನ್ನು ಬಿಚ್ಚಿ ಎರಡು ಲೋಟಗಳಿಗೆ ಸುರಿದೆ. ಯಾವಾಗಲೂ ಮೊದಲು ಬರೆಯುವವಳು ನಾನು. ಅವತ್ತು ಹಾಳೆಯನ್ನೂ ಪೆನ್ನನ್ನೂ ಅವಳ ಕಡೆ ತಳ್ಳಿದೆ.

ಅವಳು ಬಾಯಿಗೆ ಹಾಕಿಕೊಂಡಳು. ಉಗುಳಿದಳು. ತುಟಿ ಅಲ್ಲಾಡಿಸುತ್ತಾ ಮರಾಠಿಯಲ್ಲಿ ಇಪ್ಪತ್ತರವರೆಗೆ ಎಣಿಸಿದಳು. ಆಮೇಲೆ ನನ್ನ ಕಣ್ಣನ್ನೇ ನೋಡಿ, ಬರೆಯುವುದಕ್ಕೂ ಮೊದಲು ಬಾಯಿಬಿಟ್ಟು ಹೇಳಿದಳು:

"ಇದೂ ಕೆಟ್ಟದ್ರಿ ಮ್ಯಾಡಮ್."